ವಿಮಾನದಲ್ಲಿ ಹೊರನೋಟಕ್ಕೆ ಸರಿಯಾದ ಸೀಟು ಆರಿಸುವುದು ಹೇಗೆ?

ಕಿಟಕಿ ಪಕ್ಕ ಸೀಟು ಸಿಕ್ಕಿತೆಂದು ಸಮಾಧಾನಪಟ್ಟರೆ ಸಾಲದು. ದಾರಿಯುದ್ದಕ್ಕೂ ರೆಕ್ಕೆಯನ್ನೇ ನೋಡಿಕೊಂಡು ಕೂರಬೇಕಾದೀತು. ಮೊದಲು ಎಡವೋ ಬಲವೋ ತೀರ್ಮಾನಿಸಿ, ಆಮೇಲೆ ಸಾಲು ಹುಡುಕಿ.

ಮುಂದಕ್ಕೆ ಮುಖ ಮಾಡಿ ಕೂತಾಗ ‘ಎ’ ಎಡತುದಿಯ ಸೀಟು. ಸಾಲಿಗೆ ಆರು ಸೀಟಿದ್ದರೆ ‘ಎಫ್’ ಬಲತುದಿ. ದೊಡ್ಡ ವಿಮಾನಗಳಲ್ಲಿ ಅದು ಹೆಚ್ಚಾಗಿ ‘ಕೆ’ ಅಥವಾ ‘ಎಲ್’. ಭೂಪಟದಲ್ಲಿ ಎರಡು ಊರುಗಳ ನಡುವೆ ಗೆರೆ ಎಳೆದು ಬದಿ ನಿರ್ಧರಿಸಬೇಡಿ, ವಿಮಾನ ಹಾಗೆ ನೇರ ಹೋಗುವುದಿಲ್ಲ. ವಿಮಾನಗಳ ದಾರಿ ತೋರಿಸುವ ಫ್ಲೈಟ್‌ರಾಡಾರ್24 ಜಾಲತಾಣದಲ್ಲಿ ನಿಮ್ಮ ಫ್ಲೈಟ್ ನಂಬರ್ ಹಾಕಿ, ಹಿಂದಿನ ಮೂರ್ನಾಲ್ಕು ದಿನ ಅದು ಹಿಡಿದ ದಾರಿ ನೋಡಿ. ದೆಹಲಿಯಿಂದ ಕಠ್ಮಂಡುವಿಗೆ ಹೋಗುವಾಗ ಹಿಮಾಲಯ ಎಡಕ್ಕೆ, ಬರುವಾಗ ಬಲಕ್ಕೆ. ಇಂಥ ದಾರಿಗಳಲ್ಲಿ ಗೊಂದಲವಿಲ್ಲ.

ಗೊಂದಲ ಇರುವುದು ಇಳಿಯುವಾಗ. ಹಾರಾಟದ ಅತಿ ಚೆಂದದ ನೋಟ ಸಿಗುವುದೂ ಆಗಲೇ, ಕೊನೆಯ ಇಪ್ಪತ್ತು ನಿಮಿಷದಲ್ಲಿ. 35,000 ಅಡಿ ಎತ್ತರದಿಂದ ದಿಗಂತ ಸುಮಾರು 370 ಕಿ.ಮೀ. ದೂರವಿದ್ದರೂ ಕೆಳಗಿನ ಬೆಟ್ಟಗಳು ಚಪ್ಪಟೆಯಾಗಿ ಕಾಣುತ್ತವೆ. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ. ರನ್‌ವೇಯ ಸಂಖ್ಯೆ ಅದರ ದಿಕ್ಕನ್ನು ಹೇಳುತ್ತದೆ: 09 ಎಂದರೆ ದಿಕ್ಸೂಚಿಯ 90 ಡಿಗ್ರಿ, ಅಂದರೆ ಪೂರ್ವಾಭಿಮುಖ. ಗಾಳಿ ತಿರುಗಿದರೆ ಅದೇ ರನ್‌ವೇಯನ್ನು ಇನ್ನೊಂದು ತುದಿಯಿಂದ, 27 ಎಂದು, ಬಳಸುತ್ತಾರೆ. ಆಗ ಊರು ಕಾಣುವ ಬದಿಯೂ ಅದಲುಬದಲು. ಹಾಗಾಗಿ ಒಂದೇ ದಿನದ ದಾರಿ ನಂಬದೆ, ಹೆಚ್ಚು ದಿನ ಯಾವ ಕಡೆಯಿಂದ ಇಳಿದಿದೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಸೂರ್ಯ ನಿಮ್ಮ ಬದಿಯಲ್ಲಿದ್ದರೆ ಗೀರುಬಿದ್ದ ಕಿಟಕಿಯೆಲ್ಲ ಬೆಳ್ಳಗಾಗಿ ನೆಲವೇ ಕಾಣದು. ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕೆ ನಡುಹಗಲಲ್ಲಿ ಸೂರ್ಯ ದಕ್ಷಿಣಕ್ಕಿರುತ್ತಾನೆ. ಅಲ್ಲಿ ಪೂರ್ವಕ್ಕೆ ಹಾರುವಾಗ ಎಡಬದಿ ಲೇಸು. ನೆರಳಿನ ಬದಿಯಲ್ಲಿ ಇನ್ನೊಂದು ಲಾಭ: ಕೆಳಗೆ ಮೋಡವಿದ್ದರೆ ವಿಮಾನದ ನೆರಳನ್ನು ಸುತ್ತುವರಿದ ಬಣ್ಣದ ಉಂಗುರ ಕಾಣಬಹುದು. ಸೂರ್ಯಾಸ್ತವೇ ಬೇಕೆಂದರೆ ಉತ್ತರಕ್ಕೆ ಹೋಗುವಾಗ ಎಡ, ದಕ್ಷಿಣಕ್ಕೆ ಹೋಗುವಾಗ ಬಲ.

ಇನ್ನು ಸಾಲು. ಏರ್‌ಬಸ್ ಎ320, ಬೋಯಿಂಗ್ 737-800ಗಳಲ್ಲಿ ನಡುವಿನ ಎಕ್ಸಿಟ್ ಸಾಲು ರೆಕ್ಕೆಯ ಮೇಲೇ ಇರುತ್ತದೆ. ಅಲ್ಲಿಂದ ಕನಿಷ್ಠ ಆರೇಳು ಸಾಲು ಮುಂದೆ ಕೂರಿ. ತೀರಾ ಹಿಂದೆಯೂ ನೆಲ ಕಾಣುತ್ತದೆ ನಿಜ, ಆದರೆ ರೆಕ್ಕೆ ಹಿಂದಕ್ಕೆ ಬಾಗಿರುವುದರಿಂದ ಅದರ ತುದಿ ಮುಂದಿನ ನೋಟಕ್ಕೆ ಅಡ್ಡ ಬರುತ್ತದೆ. ಎಂಜಿನ್‌ನ ಬಿಸಿಗಾಳಿ ದೃಶ್ಯವನ್ನು ಕಲಕುತ್ತದೆ, ಫೋಟೋ ಮಸುಕಾಗುತ್ತದೆ. ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನದಲ್ಲಿ ರೆಕ್ಕೆ ತಲೆಯ ಮೇಲಿರುವುದರಿಂದ ಈ ತಾಪತ್ರಯ ಕಡಿಮೆ. ಎಂಜಿನ್ ಪಕ್ಕದ ಸಾಲುಗಳನ್ನಷ್ಟೇ ಬಿಡಿ.

ಕಿಟಕಿ ಸೀಟೆಂದು ದುಡ್ಡು ಕೊಟ್ಟರೂ ಕಿಟಕಿಯೇ ಇಲ್ಲದಿರಬಹುದು! 737-800ರಲ್ಲಿ ಎಡಗಡೆ 10–11ನೇ ಸಾಲಿನ ಆಸುಪಾಸು ಏಸಿ ಕೊಳವೆ ಗೋಡೆಯೊಳಗೆ ಹಾದುಹೋಗುವುದರಿಂದ ಅಲ್ಲಿ ಬರೀ ಗೋಡೆ. ಉಳಿದ ಸಾಲುಗಳಲ್ಲೂ ಕಿಟಕಿ ಭುಜದ ಹಿಂದೆ ಸರಿದಿರುವುದುಂಟು: ಕಿಟಕಿಗಳ ಅಂತರ 20–21 ಇಂಚು, ಸೀಟಿನ ಸಾಲುಗಳದ್ದು ಸಾಮಾನ್ಯವಾಗಿ 28ರಿಂದ 32, ಎರಡೂ ತಾಳೆಯಾಗುವುದಿಲ್ಲ. ಏರೋಲೋಪಾ ಜಾಲತಾಣದ ನಕ್ಷೆಗಳಲ್ಲಿ ಪ್ರತಿ ಕಿಟಕಿಯನ್ನೂ ಗುರುತಿಸಿರುತ್ತಾರೆ. ಏರ್‌ಲೈನ್‌ನ ಸೀಟ್ ಮ್ಯಾಪ್‌ನಲ್ಲಿ ಅದು ಸಾಮಾನ್ಯವಾಗಿ ಸಿಗದು.

ಫೋಟೋಗೆ ಫ್ಲ್ಯಾಶ್ ಬೇಡ, ಲೆನ್ಸನ್ನು ಗಾಜಿಗೆ ಒತ್ತಲೂ ಬೇಡ, ನಡುಕ ಕ್ಯಾಮೆರಾಕ್ಕೆ ಇಳಿಯುತ್ತದೆ. ಲೆನ್ಸಿಗೆ ಪೋಲರೈಸಿಂಗ್ ಫಿಲ್ಟರ್ (ಪ್ರತಿಫಲನ ತಗ್ಗಿಸುವ ಗಾಜು) ಹಾಕಿದ್ದರೆ ತೆಗೆದಿಡಿ, ಅದರಿಂದ ಕಿಟಕಿಯಲ್ಲಿ ಬಣ್ಣದ ಪಟ್ಟೆಗಳು ಮೂಡುತ್ತವೆ. ರಾತ್ರಿಯಾದರೆ ಕಪ್ಪು ಬಟ್ಟೆಯಿಂದ ಒಳಗಿನ ಬೆಳಕು ಮರೆಮಾಡಿ.

ಏರ್‌ಲೈನ್ ಕೊನೆಗಳಿಗೆಯಲ್ಲಿ ಬೇರೆ ವಿಮಾನ ಹಾಕಿದರೆ ಸಾಲಿನ ಲೆಕ್ಕವೆಲ್ಲ ತಲೆಕೆಳಗು. ವೆಬ್ ಚೆಕ್-ಇನ್ ಮಾಡುವಾಗ ವಿಮಾನದ ಮಾದರಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ.