ಮೂರು ವರ್ಷದ ಕೇಪಳ, ಒಂದು ಮ್ಯಾಟ್ರಿಕ್ಸ್

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ತೋಟದಾಚೆ ಒಂದು ಪದವು, ಅಂದರೆ ಎತ್ತರದ ಬಯಲು ಉಂಟು. ಮುರಕಲ್ಲು, ಮುಳಿಹುಲ್ಲು, ನಡುನಡುವೆ ಕೆಂಪು ಹೂವಿನ ಕೇಪಳ. ನಾಲ್ಕು ದೀಪಾವಳಿ ಆ ಕೇಪಳ ಗಿಡಗಳನ್ನು ಎಣಿಸಿದೆ. ತಗಡಿನ ಚೂರಿಗೆ ಆಣಿಯಿಂದ ನಂಬರ್ ಗೀಚಿ ಗಿಡಕ್ಕೊಂದರಂತೆ ಕಟ್ಟಿದ್ದೆ. ಸಸಿ, ಹೂ ಬಿಡದ ಗಿಡ, ಹೂ ಬಿಡುವ ಗಿಡ, ಹೀಗೆ ಮೂರು ಹಂತ. ಒಂದು ದೀಪಾವಳಿಯಿಂದ ಮುಂದಿನದಕ್ಕೆ ಯಾವ ಹಂತದ ಎಷ್ಟು ಪಾಲು ಎಲ್ಲಿಗೆ ಹೋಯಿತು, ಗಿಡಕ್ಕೆ ಎಷ್ಟು ಹೊಸ ಸಸಿ ಹುಟ್ಟಿತು ಎಂದು ಚೌಕದಲ್ಲಿ ಬರೆದರೆ ಒಂಬತ್ತು ಮನೆಗಳ ಮ್ಯಾಟ್ರಿಕ್ಸ್. ಸಂಶೋಧಕರಾದ ಲೆಸ್ಲಿ 1945ರಲ್ಲಿ ವಯಸ್ಸಿನ ಮೇಲೆ, ಲೆಫ್ಕೋವಿಚ್ 1965ರಲ್ಲಿ ಹಂತಗಳ ಮೇಲೆ ಹಾಕಿದ ಲೆಕ್ಕ ಇದೇ. ನನ್ನ ಕೈಗೆ ಮೂರು ಮ್ಯಾಟ್ರಿಕ್ಸ್ ಬಂದವು. ಮೂರರ ಬದಲಿಗೆ ನಿಲ್ಲುವ ಒಂದು ಸರಾಸರಿ ಮ್ಯಾಟ್ರಿಕ್ಸ್ ಬೇಕಿತ್ತು.

ಕೂಡಿಸಿ ಮೂರರಿಂದ ಭಾಗಿಸಿದರೆ ಆಯ್ತು, ಅಲ್ವಾ? ನಾನೂ ಹಾಗೇ ಮಾಡಿದೆ. ಗಿಡ ಹೆಚ್ಚುತ್ತಿದೆ ಅಂತ ಬಂತು. ಪದವು ನೋಡಿದರೆ ಹಾಗೆ ಕಾಣುತ್ತಿರಲಿಲ್ಲ. ಒಂದು ವರ್ಷ ಎರಡು ಪಟ್ಟು, ಮರುವರ್ಷ ಅರ್ಧ ಆದರೆ ಗಿಡ ಇದ್ದಷ್ಟೇ ಇರುತ್ತದೆ. ಆದರೆ 2 ಮತ್ತು 0.5ರ ಸರಾಸರಿ 1.25! ಗುಣಿಸುತ್ತಾ ಹೋಗುವ ಸಂಗತಿಗೆ ಕೂಡಿಸುವ ಸರಾಸರಿ ಹೊಂದುವುದಿಲ್ಲ.

ಹಾಗಾದರೆ ಒಂದೊಂದು ಮನೆಯ ಮೂರು ಸಂಖ್ಯೆ ಗುಣಿಸಿ ಘನಮೂಲ ತೆಗೆಯೋಣ ಎಂದುಕೊಂಡೆ. ಎರಡನೇ ವರ್ಷದ ಬೇಸಗೆಯಲ್ಲಿ ಮುಳಿಗೆ ಬೆಂಕಿ ಬಿದ್ದಿತ್ತು. ದೊಡ್ಡ ಗಿಡಗಳು ಬುಡದಿಂದ ಚಿಗುರಿದವು, ಆದರೆ ಹಣ್ಣಾಗಲಿಲ್ಲ. ಆ ದೀಪಾವಳಿಗೆ ಹೊಸ ಸಸಿ ಒಂದೂ ಇಲ್ಲ. ಒಂದು ವರ್ಷದ ಸೊನ್ನೆ ಉಳಿದೆರಡನ್ನೂ ನುಂಗಿತು.

ಮ್ಯಾಟ್ರಿಕ್ಸ್‌ಗಳನ್ನೇ ಗುಣಿಸಬೇಕು. ಮೊದಲ ವರ್ಷ ಬಲತುದಿಗೆ, ಕೊನೆಯದು ಎಡಕ್ಕೆ. ಅದಲು ಬದಲಾದರೆ ಉತ್ತರವೇ ಬೇರೆ. ಆ ಗುಣಲಬ್ಧದ ಘನಮೂಲ, ಅಂದರೆ ಮೂರು ಸಲ ಇಟ್ಟು ಗುಣಿಸಿದರೆ ಅದೇ ಬರುವ ಮ್ಯಾಟ್ರಿಕ್ಸ್, ತೆಗೆದಾಗ ಸಸಿಯಿಂದ ನೇರ ಹೂ ಬಿಡುವ ಗಿಡವಾಗುವ ಮನೆಯಲ್ಲಿ ಮೈನಸ್ ಸಂಖ್ಯೆ. "ಮೈನಸ್ ಗಿಡಕ್ಕೆ ನೀರು ಹಾಕುದು ಹೇಗೆ?" ಅಂತ ಅಪ್ಪ ನಕ್ಕರು.

ಒಂಬತ್ತರಲ್ಲಿ ಮೂರು ಮನೆ ಯಾವಾಗಲೂ ಸೊನ್ನೆ, ಒಂದು ವರ್ಷದಲ್ಲಿ ಅಂಥ ಬದಲಾವಣೆ ಆಗುವುದೇ ಇಲ್ಲ. ಉಳಿದ ಆರೇ ಆರು ಸಂಖ್ಯೆ, ಗುಣಲಬ್ಧದ ಮನೆಗೊಂದರಂತೆ ಒಂಬತ್ತು ಸಮೀಕರಣಕ್ಕೆ ಒಪ್ಪಬೇಕು. ಸರಿಯಾಗಿ ಕೂರುವುದು ತೀರಾ ಅಪರೂಪ. ಅದಕ್ಕೇ ಹತ್ತಿರದ್ದನ್ನು ಹುಡುಕಿದೆ. ಬೇಕಾದ ಮ್ಯಾಟ್ರಿಕ್ಸ್‌ನ ಮೂರನೇ ಘಾತಕ್ಕೂ ಗುಣಲಬ್ಧಕ್ಕೂ ಇರುವ ವ್ಯತ್ಯಾಸವನ್ನು ಮನೆಮನೆಗೂ ವರ್ಗ ಮಾಡಿ ಕೂಡಿಸಿ, ಆ ಮೊತ್ತ ಆದಷ್ಟು ಕಡಿಮೆ ಆಗಬೇಕು. ಪ್ರತಿ ಮನೆಯೂ ಮೂರು ವರ್ಷಗಳಲ್ಲಿ ಕಂಡ ಕನಿಷ್ಠ ಮತ್ತು ಗರಿಷ್ಠದ ನಡುವೆಯೇ ಇರಬೇಕು. ಹೀಗೆ ಕಟ್ಟಿದರೆ ಖಾಯಂ ಸೊನ್ನೆಗಳು ತಾವಾಗಿ ಸೊನ್ನೆಯೇ ಉಳಿಯುತ್ತವೆ. ಒಂದು ಹಂತದಿಂದ ಬದುಕಿ ಹೋಗುವ ಪಾಲುಗಳ ಮೊತ್ತ 1 ದಾಟಬಾರದು. ಮೊದಲ ಸಲ ಈ ಮಿತಿಯೊಳಗೆ ಹುಟ್ಟುವ ಸಸಿಗಳನ್ನೂ ಸೇರಿಸಿಬಿಟ್ಟೆ. ಒಂದು ಗಿಡ ಹತ್ತು ಸಸಿ ಹುಟ್ಟಿಸಬಹುದು, ಅದಕ್ಕೆ ಒಂದರ ಮಿತಿ ಎಂಥದ್ದು! ಒಂದು ಸಂಜೆ ಪೂರ್ತಿ ಹೋಯಿತು.

ಪೈಥಾನ್‌ನಲ್ಲಿ ಗಣಿತದ ಲೈಬ್ರರಿ ಸೈಪೈಯ ಎಸ್‌ಎಲ್‌ಎಸ್‌ಕ್ಯೂಪಿ ಬಳಸಿದೆ. ಮಿತಿಗಳೊಳಗೆ ಕನಿಷ್ಠವನ್ನು ಹುಡುಕುವ ವಿಧಾನ ಅದು. ಒಂದೇ ಕಡೆಯಿಂದ ಹೊರಟರೆ ಅದು ಹತ್ತಿರದ ಗುಂಡಿಯಲ್ಲೇ ಕೂತುಬಿಡಬಹುದು. ಹಾಗಾಗಿ ಸುಮ್ನೆ ಬೇರೆ ಬೇರೆ ಕಡೆಯಿಂದ ಐವತ್ತು ಸಲ ಓಡಿಸಿ ಒಳ್ಳೆಯದನ್ನು ಇಟ್ಟುಕೊಂಡೆ. ಅದರ ಅತಿ ದೊಡ್ಡ ಐಗನ್ ಮೌಲ್ಯ, ಅಂದರೆ ಹೀಗೇ ನಡೆದರೆ ಗಿಡಗಳು ವರ್ಷಕ್ಕೆ ಎಷ್ಟು ಪಟ್ಟಾಗುತ್ತವೆ ಎಂಬ ಸಂಖ್ಯೆ, ಗುಣಲಬ್ಧದ ಅತಿ ದೊಡ್ಡ ಐಗನ್ ಮೌಲ್ಯದ ಘನಮೂಲಕ್ಕೆ ಹತ್ತಿರವೇ ಇತ್ತು. ಎರಡೂ 1ಕ್ಕಿಂತ ಸ್ವಲ್ಪ ಕೆಳಗೆ, ಅಂದರೆ ಗಿಡ ನಿಧಾನ ಕಡಿಮೆಯಾಗುತ್ತಿದೆ. ಪದವಿನಲ್ಲಿ ಕಂಡದ್ದೂ ಅದೇ.

ಈ ದೀಪಾವಳಿಗೆ ನಾಲ್ಕನೇ ಮ್ಯಾಟ್ರಿಕ್ಸ್ ಸಿಗುತ್ತದೆ. ಕೋಡಿನಲ್ಲಿ 3 ಇದ್ದಲ್ಲೆಲ್ಲ 4 ಮಾಡಬೇಕು. ಹಂತಗಳ 3 ಮಾತ್ರ ಮುಟ್ಟಬಾರದು.