ಶಿರಸಿ ಮಳೆಗೆ ಸೋಪು ಪ್ಯಾಕ್ ಮಾಡುವುದು

ನಮ್ಮದು ಕೊಬ್ಬರಿ ಎಣ್ಣೆ ಸೋಪು. ಜೊತೆಗೆ ಅಕ್ಕಿ ತೌಡಿನ ಎಣ್ಣೆ, ಸ್ವಲ್ಪ ಹರಳೆಣ್ಣೆ. ಕುದಿಸುವುದಿಲ್ಲ, ಕಾಸ್ಟಿಕ್ ಸೋಡಾ ನೀರು ಸೇರಿಸಿ ಕಲಸಿ ಅಚ್ಚಿಗೆ ಹೊಯ್ಯುತ್ತೇವೆ. ಹೀಗೆ ಮಾಡಿದರೆ ಗ್ಲಿಸರಿನ್ ಸೋಪಿನೊಳಗೇ ಉಳಿಯುತ್ತದೆ. ಮೈಗೆ ಒಳ್ಳೆಯದು, ಪ್ಯಾಕ್ ಮಾಡುವವರಿಗೆ ತಲೆನೋವು. ಗ್ಲಿಸರಿನ್‌ಗೆ ಗಾಳಿಯ ತೇವ ಎಳೆದುಕೊಳ್ಳುವ ಗುಣ ಇದೆ, ಶಿರಸಿಯಲ್ಲಿ ಜೂನ್ ಕಳೆದ ಮೇಲೆ ಗಾಳಿಯಲ್ಲಿ ತೇವಕ್ಕೇನು ಬರವಾ? ಸೋಪಿನ ಮೈಮೇಲೆ ಸಣ್ಣ ಸಣ್ಣ ಹನಿ ಕೂರುತ್ತವೆ. ನಾವು ಅದನ್ನು ಸೋಪು ಬೆವರುವುದು ಅಂತೇವೆ. ಆದ್ದರಿಂದ ನಮ್ಮಲ್ಲಿ ಪ್ಯಾಕಿಂಗ್ ಹೇಗಿರಬೇಕು ಅಂತ ತೀರ್ಮಾನಿಸುವುದು ಡಿಸೈನರ್ ಅಲ್ಲ, ಮಳೆ.

ಮಾರಾಟಕ್ಕೆ ಇಳಿಯುವ ಮೊದಲು ಆಷಾಢದಲ್ಲೇ ಒಂದು ಪರೀಕ್ಷೆ ಮಾಡಿದೆ. ಒಂದೇ ಅಚ್ಚಿನ ಸೋಪುಗಳನ್ನು ಬೇರೆ ಬೇರೆ ಹೊದಿಕೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟೆ. ಬಿಸಿಗಾಳಿಗೆ ಬಿಗಿದುಕೊಳ್ಳುವ ಪ್ಲಾಸ್ಟಿಕ್ ಹಾಕಿದ್ದು ನೋಡಲು ಅಂಗಡಿ ಮಾಲಿನ ಹಾಗೇ ಇತ್ತು. ಆದರೆ ಒಳಗಿನ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ, ಸೋಪು ಅಂಟಂಟಾಯಿತು. ಕಂದು ಕ್ರಾಫ್ಟ್ ಕಾಗದವನ್ನು ನೇರ ಸೋಪಿಗೇ ಸುತ್ತಿದರೆ ಎಣ್ಣೆ ಹೀರಿ ಕಲೆ ಬಿತ್ತು. ಅಡಿಕೆ ಹಾಳೆ ಎಲ್ಲಕ್ಕಿಂತ ಚಂದ, ಪ್ರದರ್ಶನಗಳಲ್ಲಿ ಎಲ್ಲರೂ ಮೆಚ್ಚುತ್ತಾರೆ, ಫೋಟೋ ತೆಗೆಯುತ್ತಾರೆ. ಮಳೆಗಾಲದಲ್ಲಿ ಮಾತ್ರ ಅದಕ್ಕೆ ಬೂಷ್ಟು ಹಿಡಿಯುವುದು ಖಂಡಿತ. ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಸಪ್ಪೆ ಉಪಾಯ: ಒಳಗೆ ಬಟರ್ ಪೇಪರ್, ಅದರ ಮೇಲೆ ಕ್ರಾಫ್ಟ್ ಕಾಗದದ ಪಟ್ಟಿ.

ಪ್ಲಾಸ್ಟಿಕ್ ಕಂಡರಾಗದು ಅಂತಲ್ಲ. ರೆಡಿಮೇಡ್ ಸೋಪ್ ಬೇಸ್ (ಮೊದಲೇ ತಯಾರಾದ ಸೋಪಿನ ಗಟ್ಟಿ) ತಂದು ಕರಗಿಸಿ ಅಚ್ಚು ಹಾಕುವವರು ಅದನ್ನೇ ಬಳಸಬೇಕು. ಆ ಬೇಸ್‌ನಲ್ಲಿ ಗ್ಲಿಸರಿನ್ ಇನ್ನೂ ಜಾಸ್ತಿ. ಅಚ್ಚಿನಿಂದ ತೆಗೆದ ಕೂಡಲೇ ಗಾಳಿಯಾಡದ ಹಾಗೆ ಸುತ್ತದಿದ್ದರೆ ಬೆವರು ಸುರಿಯುತ್ತದೆ. ನಮ್ಮ ಸೋಪಿನದು ಇದಕ್ಕೆ ಪೂರ್ತಿ ಉಲ್ಟಾ. ಅದು ಮೊದಲು ಒಣಗಬೇಕು, ಪ್ಯಾಕ್ ಆದ ಮೇಲೂ ಒಂಚೂರು ಗಾಳಿ ಆಡಬೇಕು.

ಒಣಗಲು ನಾಲ್ಕರಿಂದ ಆರು ವಾರ ಅನ್ನುತ್ತಾರೆ. ಮಳೆಗಾಲದಲ್ಲಿ ನಾನು ಕ್ಯಾಲೆಂಡರ್ ನಂಬುವುದಿಲ್ಲ, ತಕ್ಕಡಿ ನಂಬುತ್ತೇನೆ. ಪ್ರತಿ ಬ್ಯಾಚಿನ ಒಂದು ಸೋಪಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗುತ್ತೇನೆ. ತೂಕ ಇಳಿಯುವುದು ನಿಂತಿತು ಅಂದರೆ ಸುತ್ತಬಹುದು. ಅವಸರ ಮಾಡಿದರೆ ಸೋಪು ಒಳಗೇ ಕುಗ್ಗಿ ಪಟ್ಟಿ ಸಡಿಲ ಆಗುತ್ತದೆ. ಅದಕ್ಕಿಂತ ದೊಡ್ಡ ವಿಷಯ ತೂಕದ್ದು. ಲೇಬಲ್ ಮೇಲೆ 100 ಗ್ರಾಂ ಅಂತ ಬರೆದ ಮೇಲೆ ಅಂಗಡಿಯ ಕಪಾಟಿನಲ್ಲಿ ಎಷ್ಟು ದಿನ ಕೂತರೂ ಅಷ್ಟು ಇರಲೇಬೇಕು. ಅದಕ್ಕೇ ಹಸಿ ಸೋಪನ್ನು 120 ಗ್ರಾಂ ಹತ್ತಿರಕ್ಕೆ ಕತ್ತರಿಸುತ್ತೇನೆ.

ಸುತ್ತುವ ಕೆಲಸ ಶಾಲೆ ಪುಸ್ತಕಕ್ಕೆ ಬೈಂಡ್ ಹಾಕಿದ ಹಾಗೆ, ಗೆರೆ ಒತ್ತಿ ಮಡಚಿದರೆ ಮಾತ್ರ ನಿಲ್ಲುತ್ತದೆ. ಬಟರ್ ಪೇಪರ್‌ನ ಎರಡೂ ತುದಿ ಸೋಪಿನ ಅಡಿಭಾಗದಲ್ಲೇ ಸೇರಬೇಕು. ಪಟ್ಟಿಗೆ 120 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಕಾಗದ ಸಾಕು, ಅದಕ್ಕಿಂತ ದಪ್ಪಗಿದ್ದರೆ ಮೂಲೆಯಲ್ಲಿ ಬಿರಿಯುತ್ತದೆ. ಮೈದಾ ಅಂಟು ಬೇಡ, ಅದಕ್ಕೂ ಬೂಷ್ಟು ಬರುತ್ತದೆ. ಒಂದು ಗುಂಡು ಸ್ಟಿಕ್ಕರ್ ಹಚ್ಚಿದರೆ ಮುಗೀತು. ಮನೆಯ ಇಂಕ್‌ಜೆಟ್ ಪ್ರಿಂಟ್ ಒದ್ದೆ ಕೈ ತಾಗಿದರೆ ಹರಡುತ್ತದೆ, ಹಾಗಾಗಿ ಲೇಸರ್ ಪ್ರಿಂಟ್ ಮಾಡಿಸುತ್ತೇನೆ. ಪಟ್ಟಿ ಸೋಪಿಗಿಂತ ಅಗಲ ಕಡಿಮೆ ಇರುವುದರಿಂದ ಎರಡೂ ಪಕ್ಕದಿಂದ ಪರಿಮಳ ಬರುತ್ತದೆ. ಸಂತೆಯಲ್ಲಿ ಅಜ್ಜಿಯೊಬ್ಬರು ಸೋಪು ಎತ್ತಿ ಮೂಗಿನ ಹತ್ತಿರ ಹಿಡಿದು, "ಯಂತ ಪರಿಮಳ ತಂಗಿ ಇದು, ಮಜ್ಜಿಗೆ ಹುಲ್ಲಾ?" ಅಂತ ಕೇಳಿದರೆ ಅರ್ಧ ವ್ಯಾಪಾರ ಆದ ಹಾಗೆ. ಮುಚ್ಚಿದ ಡಬ್ಬಿಯಲ್ಲಿ ಇದು ಆಗುವುದಿಲ್ಲ.

ಡಬ್ಬಿ ಅಂದರೆ ನಮಗೆಲ್ಲ ನೆನಪಾಗುವುದು ಮೈಸೂರು ಸ್ಯಾಂಡಲ್, ಅಲ್ವಾ? ಶರಭದ ಗುರುತಿನ ಆ ಡಬ್ಬಿಯ ಗತ್ತೇ ಬೇರೆ, ಆದರೆ ಅದು ಕಾರ್ಖಾನೆಯ ಲೆಕ್ಕ. ನನ್ನಂಥವರು ಡಬ್ಬಿ ಮಾಡಿಸಲು ಹೋದರೆ ಪ್ರೆಸ್ಸಿನವರು ಸಾವಿರಕ್ಕೆ ಕಮ್ಮಿ ಆರ್ಡರ್ ತಗೊಳ್ಳುವುದಿಲ್ಲ. ನಡುವೆ ವಿಳಾಸವೋ ಬೆಲೆಯೋ ಬದಲಾದರೆ ಉಳಿದದ್ದೆಲ್ಲ ರದ್ದಿ. ದೀಪಾವಳಿಗೆ ಮೂರು ಸೋಪಿನ ಉಡುಗೊರೆ ಕಟ್ಟಿಗೆ ಮಾತ್ರ ಡಬ್ಬಿ ಇಟ್ಟುಕೊಂಡಿದ್ದೇನೆ.

ಪಟ್ಟಿಯ ಮೇಲೆ ಏನು ಬರೆಯಬೇಕು ಅನ್ನುವುದು ನಮ್ಮ ಇಷ್ಟ ಅಲ್ಲ. ಮೈಸೋಪು ಕಾನೂನಿನ ಪ್ರಕಾರ ಸೌಂದರ್ಯವರ್ಧಕ. 2020ರ ಕಾಸ್ಮೆಟಿಕ್ಸ್ ರೂಲ್ಸ್ ಅನ್ವಯ ಲೈಸೆನ್ಸ್ ಬೇಕು. ಸ್ವಂತ ಘಟಕ ಇಲ್ಲದವರು ಲೈಸೆನ್ಸ್ ಇರುವ ಇನ್ನೊಬ್ಬರ ಘಟಕದಲ್ಲಿ ಮಾಡಿಸಲು ಲೋನ್ ಲೈಸೆನ್ಸ್ ತೆಗೆಯಬಹುದು. ಲೇಬಲ್ ಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ (ಸೋಪಿಗೆ ಅದರ ಬದಲು ತಯಾರಿಸಿದ ತಿಂಗಳು, ವರ್ಷ ಸಾಕು), ಯಾವ ತಿಂಗಳೊಳಗೆ ಬಳಸಬೇಕು, ಏನೇನು ಹಾಕಿದ್ದೇವೆ ಎಲ್ಲ ಬರಬೇಕು. ಶೇಕಡಾ 1ಕ್ಕಿಂತ ಜಾಸ್ತಿ ಇರುವ ಪದಾರ್ಥಗಳನ್ನು ಪ್ರಮಾಣದಲ್ಲಿ ಹೆಚ್ಚಿನದರಿಂದ ಕಮ್ಮಿಗೆ ಬರೆಯಬೇಕು. ತೂಕ, ಎಂಆರ್‌ಪಿ, ತಯಾರಿಸಿದ ತಿಂಗಳು, ದೂರಿಗೆ ಫೋನ್ ನಂಬರ್ ಇವು 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದವು. ಈಗ ಗ್ರಾಂಗೆ ಎಷ್ಟು ಬೆಲೆ ಅಂತಲೂ ಹಾಕಬೇಕು.

ಇಷ್ಟೆಲ್ಲ ಅಂಗೈ ಅಗಲದ ಕಾಗದದಲ್ಲಿ! ಹಾಗಾಗಿ ಡಿಸೈನ್ ಮಾಡಿಸುವಾಗ ಮೊದಲು ಇವನ್ನೆಲ್ಲ ಕೂರಿಸಿ ಅಂತೇನೆ, ಉಳಿದ ಜಾಗದಲ್ಲಿ ಹೂವು ಬಳ್ಳಿ. ಬ್ಯಾಚ್ ನಂಬರ್, ತಿಂಗಳು ಪ್ರತಿಸಲ ಬದಲಾಗುತ್ತವೆ, ಅವಕ್ಕೆ ರಬ್ಬರ್ ಸ್ಟಾಂಪ್. ಸ್ಟಾಂಪಿನ ಶಾಯಿ ಬಟರ್ ಪೇಪರ್ ಮೇಲೆ ಒಣಗುವುದಿಲ್ಲ, ಪಟ್ಟಿಯ ಮೇಲೇ ಒತ್ತಬೇಕು.

"ಕಜ್ಜಿ ವಾಸಿಯಾಗುತ್ತೆ ಅಂತ ಬರೀರಿ, ಜಾಸ್ತಿ ಹೋಗುತ್ತೆ" ಅಂತ ಅಂಗಡಿಯವರೊಬ್ಬರು ಹೇಳಿದ್ದರು. ಬರೆಯುವ ಹಾಗಿಲ್ಲ. ರೋಗ ವಾಸಿ ಮಾಡುತ್ತದೆ ಅಂದ ಕೂಡಲೇ ಅದು ಔಷಧ ಆಗುತ್ತದೆ, ಅದರ ಲೈಸೆನ್ಸೇ ಬೇರೆ. ಬೇವಿನ ಸೋಪಿನ ಮೇಲೆ 'ಬೇವಿನ ಸೋಪು' ಅಂತಷ್ಟೇ ಇದೆ. ಇನ್ನೊಂದು ಕಡೆ, 'ಸೋಡಿಯಂ ಕೋಕೋಯೇಟ್' ಅಂತ ಓದಿದವರು ಫೋನ್ ಮಾಡಿ, "ನೀವೂ ಕೆಮಿಕಲ್ ಹಾಕ್ತೀರಾ ಅಕ್ಕಾ?" ಅಂತ ಕೇಳುತ್ತಾರೆ. ಕೊಬ್ಬರಿ ಎಣ್ಣೆ ಕಾಸ್ಟಿಕ್ ಜೊತೆ ಸೇರಿ ಸೋಪಾದ ಮೇಲೆ ಅದರ ಹೆಸರೇ ಅದು ಅಂತ ಬಿಡಿಸಿ ಹೇಳುತ್ತೇನೆ. ಬೇಸರ ಇಲ್ಲ. ಲೇಬಲ್ ಓದುವ ಗಿರಾಕಿ ಸುಮ್ನೆ ಬಿಟ್ಟು ಹೋಗುವುದಿಲ್ಲ.

ಪೋಸ್ಟಿಗೆ ಮೂರು ಪದರದ ರಟ್ಟಿನ ಡಬ್ಬಿ, ಖಾಲಿ ಜಾಗಕ್ಕೆ ಹಳೇ ಪೇಪರ್ ಉಂಡೆ. ಅಲ್ಲಾಡಿಸಿದರೆ ಸದ್ದು ಬರಬಾರದು, ಬಂದರೆ ಮೂಲೆ ಜಜ್ಜಿತು ಅಂತಲೇ ಅರ್ಥ. ಒಂದೇ ಡಬ್ಬಿಯಲ್ಲಿ ಲವಂಗದ ಸೋಪು, ಮಜ್ಜಿಗೆ ಹುಲ್ಲಿನ ಸೋಪು ಎರಡೂ ಇದ್ದರೆ ಒಂದರ ವಾಸನೆ ಇನ್ನೊಂದಕ್ಕೆ ಹತ್ತುತ್ತದೆ. ಆಗ ಮಾತ್ರ ಪಟ್ಟಿಯ ಹೊರಗಿನಿಂದ ಇನ್ನೊಂದು ಸುತ್ತು ಬಟರ್ ಪೇಪರ್ ಹಾಕುತ್ತೇನೆ. ಜಡಿಮಳೆ ಇದ್ದರೆ ಡಬ್ಬಿಗೆ ಹೊರಗಿನಿಂದ ಪ್ಲಾಸ್ಟಿಕ್ ಕವರ್ ಹಾಕದೆ ವಿಧಿಯಿಲ್ಲ, ಮನೆ ಮುಟ್ಟಿದ ಕೂಡಲೇ ಬಿಚ್ಚಿ ಸೋಪನ್ನು ಗಾಳಿಗೆ ಇಡಿ ಅಂತ ಒಂದು ಚೀಟಿಯನ್ನೂ ಒಳಗೆ ಹಾಕುತ್ತೇನೆ.