ಆಂಪ್ಲಿಫೈಯರ್ ಗುಂಯ್‌ಗುಟ್ಟಿದರೆ ಮೊದಲು ಟ್ರಾನ್ಸ್‌ಫಾರ್ಮರ್ ತಿರುಗಿಸಿ

ಭಜನಾ ಮಂಡಳಿಗಳ ಆಂಪ್ಲಿಫೈಯರ್‌ಗಳು ನನ್ನ ಮೇಜಿಗೆ ಬರುವುದು ಹೆಚ್ಚಾಗಿ ಒಂದೇ ದೂರು ಹೊತ್ತು: ಹಾಡು ನಿಂತರೂ ಗುಂಯ್ ಸದ್ದು ನಿಲ್ಲುವುದಿಲ್ಲ. ತಂದವರು ತೀರ್ಪನ್ನೂ ಜೊತೆಗೇ ತಂದಿರುತ್ತಾರೆ, ‘ಕೆಪಾಸಿಟರ್ (ವಿದ್ಯುತ್ತಿನ ಏರಿಳಿತ ಸಮ ಮಾಡುವ ಬಿಡಿಭಾಗ) ಹೋಗಿದೆ’. ಹಳೆಯ ಸೆಟ್‌ನಲ್ಲಿ ಅದು ನಿಜವಿರಬಹುದು. ಹೊಸದಾಗಿ ಜೋಡಿಸಿದ್ದೂ ಗುಂಯ್‌ಗುಟ್ಟಿದರೆ ನಾನು ನೋಡುವುದು ಟ್ರಾನ್ಸ್‌ಫಾರ್ಮರ್ ಎಲ್ಲಿ ಕೂತಿದೆ, ಯಾವ ಕಡೆ ಮುಖ ಮಾಡಿದೆ ಎಂಬುದನ್ನು.

ಮೊದಲು ಕಿವಿ ಕೊಡಿ. ಸದ್ದು ಪೆಟ್ಟಿಗೆಯಿಂದಲೇ ಬರುತ್ತಿದ್ದರೆ ಅದು ಟ್ರಾನ್ಸ್‌ಫಾರ್ಮರಿನ ಕೋರ್‌ನ, ಅಂದರೆ ಕಬ್ಬಿಣದ ಒಡಲಿನ, ತಗಡುಗಳ ನಡುಕ. ಸ್ಕ್ರೂ ಬಿಗಿ ಮಾಡಿ, ವಾರ್ನಿಷ್ ಕುಡಿಸಿ, ಮುಗಿಯಿತು. ಸ್ಪೀಕರಿನಿಂದ ಬರುತ್ತಿದ್ದರೆ ವಾಲ್ಯೂಮ್ ಸೊನ್ನೆಗೆ ಇಳಿಸಿ. ಸದ್ದು ಮಾಯವಾದರೆ ಅದು ವಾಲ್ಯೂಮ್‌ಗಿಂತ ಹಿಂದೆ, ಅಂದರೆ ಪ್ರಿಆಂಪ್ (ಮೈಕಿನ ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವ ಭಾಗ) ಅಥವಾ ಇನ್‌ಪುಟ್ ತಂತಿಯಲ್ಲಿ ಒಳಹೊಕ್ಕಿದೆ. ಇನ್ನು ಸ್ಥಾಯಿ. ಟ್ರಾನ್ಸ್‌ಫಾರ್ಮರಿನಿಂದ ಸೋರುವ ಕಾಂತಕ್ಷೇತ್ರ ಮುಖ್ಯವಾಗಿ 50 ಹರ್ಟ್ಸ್. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿ ಬಂದ ಏರಿಳಿತ 100 ಹರ್ಟ್ಸ್. ಎರಡೂ ಹೆಚ್ಚುಕಡಿಮೆ ಐದು ಮನೆಯ ಷಡ್ಜವೇ, ಒಂದು ಸ್ಥಾಯಿ ವ್ಯತ್ಯಾಸ ಅಷ್ಟೆ. ಹಾಡುವವರು ಇದನ್ನು ಕೂಡಲೇ ಹಿಡಿಯುತ್ತಾರೆ. ನಮ್ಮಂಥವರಿಗೆ ಮೊಬೈಲಿನ ಸ್ಪೆಕ್ಟ್ರಂ ಆ್ಯಪ್ ಇದೆ.

50 ಹರ್ಟ್ಸ್ ಎಂದಾದರೆ ಪ್ಲಗ್ ಕಿತ್ತು, ಕೆಪಾಸಿಟರ್‌ಗಳು ಖಾಲಿಯಾದ ಮೇಲೆ ಟ್ರಾನ್ಸ್‌ಫಾರ್ಮರಿನ ಸ್ಕ್ರೂ ಬಿಚ್ಚಿ. 230 ವೋಲ್ಟ್ ಇರುವ ಪ್ರತಿಯೊಂದು ಬೆಸುಗೆಯನ್ನೂ ಸ್ಲೀವ್‌ನಿಂದ ಪೂರ್ತಿ ಮುಚ್ಚಿ. ತಂತಿ ಉದ್ದ ಮಾಡಿ, ಟ್ರಾನ್ಸ್‌ಫಾರ್ಮರನ್ನು ಮರದ ಹಲಗೆಯ ಮೇಲಿಟ್ಟು ವಿದ್ಯುತ್ ಕೊಡಿ. ಒಣ ಮರದ ಕೋಲಿನಿಂದ ಮೆಲ್ಲನೆ ತಿರುಗಿಸುತ್ತಾ ಕೇಳಿ. ಇದಕ್ಕೆ ಧೈರ್ಯವಿಲ್ಲದವರು ಪ್ರತಿ ಸಲವೂ ಪ್ಲಗ್ ಕಿತ್ತು ತಿರುಗಿಸಲಿ. ನಿಧಾನವಾದರೂ ಫಲ ಅದೇ. ಒಂದು ಕೋನದಲ್ಲಿ ಸದ್ದು ತಟ್ಟನೆ ತಗ್ಗುತ್ತದೆ. ಸುರುಳಿಯ ಅಕ್ಷ ಪ್ರಿಆಂಪ್‌ನ ಕಡೆಗೆ ನೋಡದ ಆ ಕೋನವನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ. ದೂರವೂ ಅಷ್ಟೇ ಮುಖ್ಯ: ಟ್ರಾನ್ಸ್‌ಫಾರ್ಮರಿನ ಗಾತ್ರಕ್ಕಿಂತ ಸಾಕಷ್ಟು ಆಚೆ ಹೋದ ಮೇಲೆ ಅಂತರ ಎರಡು ಪಟ್ಟಾದರೆ ಸೋರಿಕೆ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಪೆಟ್ಟಿಗೆ ಚಿಕ್ಕದಾಗಿ, ಚೆಂದವಾಗಿ ಕಾಣಲೆಂದು ಎಲ್ಲವನ್ನೂ ಒಂದರ ಪಕ್ಕ ಒಂದು ತುರುಕುವವರಿಗೆ ಈ ಲೆಕ್ಕ ಹಿಡಿಸುವುದಿಲ್ಲ.

ಉಂಗುರದಾಕಾರದ ಟೊರಾಯ್ಡ್ ಕಡಿಮೆ ಸೋರುತ್ತದೆ, ಆದರೆ ಸೋರದೆ ಇರುವುದಿಲ್ಲ. ತಂತಿಗಳು ಹೊರಬರುವ ಕಡೆ ಸೋರಿಕೆ ಸಾಮಾನ್ಯವಾಗಿ ಹೆಚ್ಚು; ಆ ಬದಿಯನ್ನು ಪ್ರಿಆಂಪ್‌ಗೆ ಬೆನ್ನಾಗಿಸಿ. ನಡುವಿನ ಬೋಲ್ಟಿನ ಮೇಲ್ತುದಿ ಲೋಹದ ಮುಚ್ಚಳಕ್ಕೆ ಎಂದೂ ತಾಗಬಾರದು. ತಾಗಿದರೆ ಬೋಲ್ಟ್ ಮತ್ತು ಪೆಟ್ಟಿಗೆ ಸೇರಿ ಒಂದು ಶಾರ್ಟ್ ಆದ ಸುತ್ತಾಗುತ್ತವೆ. ಫ್ಯೂಸ್ ಹೋದರೆ ನಿಮ್ಮ ಪುಣ್ಯ.

ತಿರುಗಿಸಿದರೂ ಸದ್ದು ಕದಲಲಿಲ್ಲವೇ, ಅಥವಾ ಅದು 100 ಹರ್ಟ್ಸ್‌ನದೇ? ಹಾಗಾದರೆ ತಂತಿಗಳನ್ನು ನೋಡಿ. ರೆಕ್ಟಿಫೈಯರ್ ಕೆಪಾಸಿಟರನ್ನು ತುಂಬುವುದು ಸಮನಾದ ಹರಿವಿನಿಂದಲ್ಲ, ಪ್ರತಿ ಅರ್ಧ ಆವರ್ತದ ಶಿಖರದಲ್ಲಿ ಗಕ್ಕನೆ ಕೊಡುವ ದೊಡ್ಡ ಗುಟುಕುಗಳಿಂದ. ಆ ಕರೆಂಟು ಹರಿಯುವ ತಂತಿಯ ಯಾವ ತುಂಡಿನಲ್ಲೂ ಇನ್‌ಪುಟ್ ಗ್ರೌಂಡ್ (ಸಿಗ್ನಲ್ ಮರಳುವ ತಂತಿ) ಪಾಲು ಕೇಳಬಾರದು. ಟ್ರಾನ್ಸ್‌ಫಾರ್ಮರಿನ ನಡುತಂತಿ (ಸೆಂಟರ್ ಟ್ಯಾಪ್) ಮೊದಲು ಕೆಪಾಸಿಟರ್‌ಗಳ ನಡುವಿಗೆ ಹೋಗಲಿ. ಅಲ್ಲಿಂದ ಒಂದು ತುಂಡು ತಂತಿ ಎಳೆದು ಅದರ ತುದಿಯಲ್ಲಿ ಎಲ್ಲ ಗ್ರೌಂಡ್‌ಗಳನ್ನೂ ಕೂಡಿಸಿ. ಎಸಿ ತಂತಿಗಳನ್ನು ಜಡೆಯಂತೆ ಹೆಣೆದು ತಗಡಿಗೆ ಒತ್ತಿ ಒಯ್ಯಿರಿ. ಇನ್‌ಪುಟ್ ತಂತಿ ಅವುಗಳ ಜೊತೆ ಸಾಗಬಾರದು. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ.

ಲೋಹದ ಕವಚದಿಂದ ಸೋರಿಕೆ ತಡೆಯುವ ಮಾತು ಕೊನೆಗೆ. ತೆಳು ಅಲ್ಯೂಮಿನಿಯಂ ಡಬ್ಬಿ 50 ಹರ್ಟ್ಸ್‌ನ ಕಾಂತಕ್ಷೇತ್ರಕ್ಕೆ ಲೆಕ್ಕಕ್ಕಿಲ್ಲ, ದುಡ್ಡು ದಂಡ. ಉಕ್ಕಿನ ತಗಡು ಒಂದಿಷ್ಟು ತಡೆಯುತ್ತದೆ. ಇ-ಐ ಕೋರ್ (E ಮತ್ತು I ಆಕಾರದ ತಗಡುಗಳನ್ನು ಜೋಡಿಸಿದ್ದು) ಆಗಿದ್ದರೆ ಅಗಲವಾದ ತಾಮ್ರದ ಪಟ್ಟಿಯನ್ನು ಸುರುಳಿ ಮತ್ತು ಕೋರ್ ಎರಡರ ಹೊರಗಿನಿಂದಲೂ ಬಳಸಿ ತಂದು, ತುದಿಗಳನ್ನು ಬೆಸುಗೆ ಹಾಕಿ. ಒಳಗೆ ತೂರಿಸಬೇಡಿ, ಹೊರಸುತ್ತು ಮಾತ್ರ. ಸೋರುವ ಕ್ಷೇತ್ರ ಆ ಪಟ್ಟಿಯಲ್ಲಿ ಎದುರು ಕರೆಂಟು ಹುಟ್ಟಿಸಿ ತನ್ನನ್ನೇ ತಗ್ಗಿಸಿಕೊಳ್ಳುತ್ತದೆ. ಮ್ಯೂ-ಮೆಟಲ್ ಎಂಬ ನಿಕ್ಕಲ್-ಕಬ್ಬಿಣದ ಮಿಶ್ರಲೋಹ ಎಲ್ಲಕ್ಕಿಂತ ಚೆನ್ನ, ಆದರೆ ದುಬಾರಿ. ಬಗ್ಗಿಸಿದರೆ, ಬೀಳಿಸಿದರೆ ಗುಣ ಕುಂದುತ್ತದೆ.

ಅರ್ತ್ ಪಿನ್ ಮುರಿದು ಗುಂಯ್ ನಿಲ್ಲಿಸುವ ವಿದ್ಯೆ ನಮ್ಮ ಊರುಗಳಲ್ಲಿ ಚಾಲ್ತಿಯಲ್ಲಿದೆ. ಮೈಕ್ ಹಿಡಿದವನ ಜೀವದ ಜೊತೆ ಆಡುವ ಕೆಲಸ ಅದು. ಮಿಕ್ಸರ್ ಜೋಡಿಸಿದಾಗ ಮಾತ್ರ ಸದ್ದು ಬರುವುದಾದರೆ ಎರಡು ಯಂತ್ರಗಳ ನಡುವೆ ಗ್ರೌಂಡಿನ ಬಳೆ (ಗ್ರೌಂಡ್ ಲೂಪ್) ಮುಚ್ಚಿಕೊಂಡಿರಬಹುದು. ಸಿಗ್ನಲ್ ದಾರಿಯಲ್ಲಿ ಎರಡೂ ಸುರುಳಿಗಳ ಸುತ್ತು ಸಮನಿರುವ (1:1) ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ ಅದನ್ನು ಬಿಡಿಸಿ. ಈ ಟ್ರಾನ್ಸ್‌ಫಾರ್ಮರೂ ಒಂದು ಸುರುಳಿಯೇ, ಪಕ್ಕದ ದೊಡ್ಡ ಟ್ರಾನ್ಸ್‌ಫಾರ್ಮರಿನ ಸೋರಿಕೆಯನ್ನು ಹೀರಿಕೊಳ್ಳುತ್ತದೆ. ದೂರವಿಡಿ, ತಿರುಗಿಸಿ ಕೇಳಿ, ಆಮೇಲೆ ಸ್ಕ್ರೂ ಹಾಕಿ.